ನಲವತ್ತೊಂದು ಮನೆ, ಬಾಡಿಗೆ ಸೈಕಲ್ಲು

೧ ಫೆಬ್ರವರಿ ೧೯೮೨, ಸೋಮವಾರ

ಆಸ್ಪತ್ರೆಯ ಜಗಲಿ, ರಾಬರ್ಟ್‌ಸನ್‌ಪೇಟೆ. ಬೆಳಿಗ್ಗೆ ಹತ್ತೂ ಕಾಲು.

ಶ್ರೀ ಮುನಿಸ್ವಾಮಪ್ಪನವರನ್ನು ನಿನ್ನೆ ಇಲ್ಲಿ ಸೇರಿಸಿದ್ದಾಗಿದೆ. ಶನಿವಾರ ಹಾಲು ಹಾಕಿ ಬರುವಾಗ ಸೈಕಲ್ಲಿನಿಂದ ಬಿದ್ದು ಬಲತೊಡೆಯ ಮೂಳೆ ಮುರಿದುಕೊಂಡಿದ್ದಾರೆ. ವಯಸ್ಸು ಐವತ್ತೆಂಟು. ಸಕ್ಕರೆ ಕಾಯಿಲೆ ಬೇರೆ. ಸಕ್ಕರೆ ಇಳಿಯುವವರೆಗೆ ಆಪರೇಷನ್ ಮಾಡುವಂತಿಲ್ಲ, ಹತ್ತು ಹನ್ನೆರಡು ದಿನ ಹಿಡಿಯಬಹುದು ಎಂದರು ಡಾಕ್ಟರು. ಎದೆಯೂ ಗಟ್ಟಿಯಿಲ್ಲವಂತೆ. ಮತ್ತಿನ ಮದ್ದು ಕೊಟ್ಟ ಮೇಲೆ ಎದ್ದೇ ಏಳುತ್ತಾರೆ ಎಂದು ಹೇಳಲಾರೆ, ಮಾತಾಡುವುದಿದ್ದರೆ ಅಷ್ಟರೊಳಗೆ ಮಾತಾಡಿಕೊಳ್ಳಿ ಎಂದೂ ಹೇಳಿದರು. ಡಾಕ್ಟರಿಗೆ ನಮ್ಮ ವಿಷಯ ಗೊತ್ತಿಲ್ಲ. ಮುನಿಸ್ವಾಮಪ್ಪನವರು ನನ್ನ ಒಡಹುಟ್ಟಿದ ಅಣ್ಣ. ನಾವು ಮಾತು ಬಿಟ್ಟು ಹನ್ನೊಂದು ವರ್ಷವಾಯಿತು.

ಮಾತು ಬಿಟ್ಟಿದ್ದೇವೆಯೇ ಹೊರತು ಜಗಳವೇನೂ ಇಲ್ಲ. ಅಕ್ಕಪಕ್ಕದ ಮನೆ. ಹೆಂಗಸರು ಮಾತಾಡುತ್ತಾರೆ, ದನಗಳು ಒಂದೇ ತೊಟ್ಟಿಯಲ್ಲಿ ನೀರು ಕುಡಿಯುತ್ತವೆ. ಅವರಿಗೆ ತಿಳಿಸಲೇಬೇಕಾದ ಸಂಗತಿ ಇದ್ದರೆ ನಾನು ಅಂಗಳಕ್ಕೆ ಬಂದು ಎಮ್ಮೆಗೆ ಹೇಳುತ್ತೇನೆ. ಅವರು ಕೇಳಿಸಿಕೊಂಡು ಬೇಲಿಗೆ ಉತ್ತರ ಕೊಡುತ್ತಾರೆ. ಈವರೆಗೆ ಯಾವ ಕೆಲಸವೂ ಕೆಟ್ಟಿಲ್ಲ.

ನಾನು ಬರಬೇಕಾದದ್ದಲ್ಲ. ಅವರಿಗೆ ಇಬ್ಬರೂ ಹೆಣ್ಣುಮಕ್ಕಳು, ದೂರದ ಊರುಗಳಿಗೆ ಕೊಟ್ಟಿದೆ. ಅತ್ತಿಗೆ ಮುನಿನಾರಾಯಣಮ್ಮ ನಾಲ್ಕು ಹಸು ಬಿಟ್ಟು ಕದಲುವಂತಿಲ್ಲ. "ನೀನು ಓಗು ಬಚ್ಚಪ್ಪ, ಮಾತಾಡ್ಬೇಡ, ಸುಮ್ನೆ ಕೂತಿರು" ಅಂದರು. ಅದು ನನ್ನಿಂದಾಗುವ ಕೆಲಸ. ಅಂಚೆ ಕಚೇರಿಯ ಬೀಗದ ಕೈಯನ್ನು ಹೆಂಡತಿಯ ತಮ್ಮನಿಗೆ ಕೊಟ್ಟು ಬಂದಿದ್ದೇನೆ. ಅವನಿಗೆ ಮೊಹರು ನೇರವಾಗಿ ಒತ್ತಲು ಬರುವುದಿಲ್ಲ. ಅದೊಂದು ಚಿಂತೆ.

ವಾರ್ಡಿನಲ್ಲಿ ಎಮ್ಮೆ ಇಲ್ಲ ಎಂಬುದು ಇಲ್ಲಿಗೆ ಬಂದ ಮೇಲೆ ಹೊಳೆಯಿತು.


೨ ಫೆಬ್ರವರಿ, ಮಂಗಳವಾರ

ಪಕ್ಕದ ಮಂಚದಲ್ಲಿ ಕುಪ್ಪುಸ್ವಾಮಿ ಎಂಬವರಿದ್ದಾರೆ. ಕಾಲಿನ ಹುಣ್ಣಿಗೆ ಬಂದವರು. ಗಣಿಯಿಂದ ರಿಟೈರಾಗಿ ಎರಡು ವರ್ಷ. ಮೂವತ್ತು ವರ್ಷ ಗಣಿಯೊಳಕ್ಕೆ ಆಳು ಇಳಿಸುವ ತೊಟ್ಟಿಲ ಹತ್ತಿರ ನಿಂತು ಗಂಟೆ ಹೊಡೆದವರಂತೆ. ಒಂದು ಸಲ ಹೊಡೆದರೆ ತೊಟ್ಟಿಲು ನಿಲ್ಲಬೇಕು, ಎರಡು ಸಲಕ್ಕೆ ಇಳಿಯಬೇಕು, ಹೀಗೆ. ನಮ್ಮ ಪರಿಸ್ಥಿತಿ ಅವರಿಗೆ ಅರ್ಧ ಗಂಟೆಯಲ್ಲಿ ಅರ್ಥವಾಯಿತು.

"ತಂಬಿ, ನಿಮ್ಮ ಅಣ್ಣಂಗೆ ಬಿಸಿನೀರು ಬೇಕಂತೆ" ಅಂದರು.

"ಫ್ಲಾಸ್ಕಿನಲ್ಲಿದೆ ಅಂತ ಹೇಳಿ" ಅಂದೆ.

"ಫ್ಲಾಸ್ಕ್‌ಲ ಇರ್ಕಾಂ" ಎಂದು ಆ ಕಡೆ ತಿರುಗಿ ಹೇಳಿದರು. ಮುನಿಸ್ವಾಮಪ್ಪನವರು ಗೋಡೆ ನೋಡುತ್ತ ಹೂಂ ಅಂದರು. ಎರಡು ಮಂಚಗಳ ನಡುವೆ ಒಂದೂವರೆ ಮೊಳವಿರಬಹುದು. ನಾನು ಕೂತಿದ್ದು ಆ ಒಂದೂವರೆ ಮೊಳದಲ್ಲೇ.

ಬೆಳಿಗ್ಗೆ ಒಂಬತ್ತೂವರೆಗೆ ರೋಗಿಯ ಕಡೆಯವರನ್ನೆಲ್ಲ ಹೊರಗೆ ಕಳಿಸುತ್ತಾರೆ, ಮತ್ತೆ ಬಿಡುವುದು ನಾಲ್ಕಕ್ಕೆ. ನಿನ್ನೆ ಆರೂವರೆ ಗಂಟೆ ಬೇವಿನ ಮರದ ಕೆಳಗೆ ಕೂತೆ. ಇವತ್ತು ಎದುರಿನ ಸೈಕಲ್ ಅಂಗಡಿಗೆ ಹೋದೆ. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಹದಿನಾಲ್ಕು ಸೈಕಲ್ಲುಗಳಿವೆ, ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು. ಯಜಮಾನ ಜಯರಾಮಪ್ಪ ಪಂಕ್ಚರ್ ಹಾಕುತ್ತಲೇ ಕೇಳಿದ.

"ಯಾರ ಗುರ್ತು?"

ಇಲ್ಲಿ ಗುರುತಿನವರ ಹೆಸರು ಹೇಳದೆ ಸೈಕಲ್ ಕೊಡುವುದಿಲ್ಲವಂತೆ. ನಾನು ಕೇಂದ್ರ ಸರ್ಕಾರದ ಅಂಚೆ ಇಲಾಖೆಯವನು, ಕ್ಯಾಸಂಬಳ್ಳಿ ಕಡೆಯ ಬ್ರಾಂಚ್ ಪೋಸ್ಟ್ ಮಾಸ್ಟರು ಎಂದೆ.

"ಅದು ಸರಿ ಸ್ವಾಮಿ. ಯಾರ ಗುರ್ತು?"

ಈ ಊರಿನಲ್ಲಿ ನನಗೆ ಗೊತ್ತಿರುವವರು ಯಾರೂ ಇಲ್ಲ. ಹನ್ನೊಂದು ವರ್ಷ ಬೇಕೆಂದೇ ಈ ಕಡೆ ಬಂದಿಲ್ಲ, ಏನಿದ್ದರೂ ಬಂಗಾರಪೇಟೆಯಲ್ಲೇ ಮುಗಿಸುತ್ತಿದ್ದೆ. ಕೊನೆಗೆ, ಹಾಲು ಹಾಕುವ ಮುನಿಸ್ವಾಮಪ್ಪನವರು ನಮ್ಮ ಊರಿನವರು ಎಂದೆ. ಸುಳ್ಳಲ್ಲ.

ಜಯರಾಮಪ್ಪ ತಲೆ ಎತ್ತಿ ನನ್ನ ಮುಖವನ್ನೇ ನೋಡಿದ. "ಊರಿನವ್ರಾ? ಮೂಗು ನೋಡಿದ್ರೇನೇ ಗೊತ್ತಾಗ್ತದೆ, ತಮ್ಮ ಅಂತ. ಒಂಬತ್ತನೇ ನಂಬರ್ ತಗೊಳ್ಳಿ, ಬ್ರೇಕು ಚೆನ್ನಾಗೈತೆ" ಅಂದ. ಹೋಗುವ ಹೊತ್ತು, ಬರುವ ಹೊತ್ತು ಎರಡನ್ನೂ ಸ್ಲೇಟಿನ ಮೇಲೆ ಬರೆಯುತ್ತಾನೆ. ಈ ಊರಿನಲ್ಲಿ ನಾನು ಕಂಡ ಮೊದಲ ಶಿಸ್ತು.


೪ ಫೆಬ್ರವರಿ, ಗುರುವಾರ

ಎಂಟು ಮೈಲಿ ದೂರದ ಪಟ್ಟಣವನ್ನು ನಲವತ್ತೈದನೇ ವಯಸ್ಸಿನಲ್ಲಿ ಪ್ರವಾಸಿಯ ಹಾಗೆ ನೋಡುತ್ತಿದ್ದೇನೆ. ಬಸ್ ಸ್ಟ್ಯಾಂಡು, ಮಾರ್ಕೆಟ್ಟು, ಇಷ್ಟೇ ಊರು ಎಂದುಕೊಂಡಿದ್ದೆ. ಅಷ್ಟೇ ಅಲ್ಲ. ಸೈಕಲ್ ತುಳಿದಷ್ಟೂ ಊರು ಮುಗಿಯುವುದಿಲ್ಲ. ಒಂದು ಪೇಟೆ ಮುಗಿಯಿತು ಎನ್ನುವಾಗ ಬಯಲು, ಬಯಲಿನಾಚೆ ಇನ್ನೊಂದು ಸಾಲು ಮನೆ, ಅದರಾಚೆ ಚಿನ್ನ ತೆಗೆದು ಸುರಿದ ಮಣ್ಣಿನ ಬೂದಿ ಬಣ್ಣದ ಸೈನೈಡ್ ದಿಬ್ಬ. ದಿಬ್ಬದ ಮೇಲೆ ಒಂದು ಗರಿಕೆಯೂ ಇಲ್ಲ. ಅದಕ್ಕೆ ಬೆನ್ನು ಹಾಕಿ ಒಬ್ಬಾಕೆ ಹಪ್ಪಳ ಒಣಗಿಸುತ್ತಿದ್ದಳು.

ಊರಿಗಾಂನಲ್ಲಿ ದೊಡ್ಡ ಬಂಗಲೆಗಳನ್ನು ನೋಡಿದೆ. ದೊರೆಗಳು ಹೋಗಿದ್ದಾರೆ, ಗುಲಾಬಿ ಗಿಡಗಳಿವೆ. ಚಾಂಪಿಯನ್ ರೀಫ್ಸ್‌ನಲ್ಲಿ ಗಣಿ ಬಾಯಿಯ ಎತ್ತರದ ಕಬ್ಬಿಣದ ಗೋಪುರ ನೋಡಿದೆ. ಮೇಲೆ ಎರಡು ಚಕ್ರ, ಒಂದು ಹೀಗೆ ತಿರುಗಿದರೆ ಒಂದು ಹಾಗೆ. ಅದನ್ನೇ ನೋಡುತ್ತ ಸೈಕಲ್ ಹಿಡಿದು ನಿಂತಿದ್ದಾಗ ನೆಲ ನಡುಗಿತು. ನಡುಗಿತು ಎಂದರೆ ನಡುಗಿತು, ಸೈಕಲ್ಲಿನ ಗಂಟೆ ತಾನಾಗಿ ಅಲುಗಾಡಿತು. ನಾನು ಸೈಕಲ್ ಬಿಟ್ಟು ಕೂತುಬಿಟ್ಟೆ. ನಲ್ಲಿಯ ಹತ್ತಿರವಿದ್ದ ಹೆಂಗಸರು ಕೊಡಗಳನ್ನು ಒಂದು ಕೈಯಿಂದ ಹಿಡಿದುಕೊಂಡು ಮಾತು ಮುಂದುವರಿಸಿದರು. ಒಬ್ಬಾಕೆ ಮಾತ್ರ ಗೋಪುರದ ಕಡೆ ಸ್ವಲ್ಪ ಹೊತ್ತು ನೋಡಿದಳು. ಅವಳ ಮನೆಯವರು ಒಳಗಿದ್ದರೋ ಏನೋ.

ಸಂಜೆ ಇದನ್ನೆಲ್ಲ ಕುಪ್ಪುಸ್ವಾಮಿಗೆ ಹೇಳಿದೆ. ಒಳಗೆ ಬಂಡೆ ಸಿಡಿದಾಗ ಹಾಗಾಗುತ್ತದಂತೆ. ಆಗ ಗೋಡೆಯ ಕಡೆಯಿಂದ ದನಿ ಬಂತು.

"ಕುಪ್ಪುಸ್ವಾಮಿ, ಅವ್ನು ಯಾ ದಾರೀಲಿ ಓದ್ನಂತೆ ಕೇಳು. ಊರಿಗಾಂನಿಂದ ನೆಟ್ಟಗೆ ಓದ್ರೆ ಬರೀ ಏರು. ಟೇಸನ್ ಇಂದ್ಗಡೆ ಬಳಸ್ಕೊಂಡು ಓಗ್ಬೇಕು."

ಕುಪ್ಪುಸ್ವಾಮಿ ನನಗೆ ಹೇಳಿದರು. ನಾನು ಅವರಿಗೆ, ಸ್ಟೇಷನ್ ಹಿಂದಿನ ದಾರಿ ನಾಳೆ ನೋಡುತ್ತೇನೆ ಎಂದು ಹೇಳಿ ಅಂದೆ. ಕೇಳಿದ ತಪ್ಪಿಗೆ ಉತ್ತರ ಕೊಟ್ಟೆ, ಅಷ್ಟೇ.


೫ ಫೆಬ್ರವರಿ, ಶುಕ್ರವಾರ

ಸಕ್ಕರೆ ಇಳಿದಿಲ್ಲ.

ಒಂಬತ್ತನೇ ನಂಬರನ್ನು ಸಂಜೆ ಹೊತ್ತು ಯಾರೋ ಉದ್ದನೆಯವನು ಬಾಡಿಗೆಗೆ ಒಯ್ಯುತ್ತಾನೆ. ದಿನಾ ಬೆಳಿಗ್ಗೆ ಸೀಟು ಎರಡು ಬೆರಳು ಮೇಲಿರುತ್ತದೆ. ನಾನು ಇಳಿಸುತ್ತೇನೆ. ಅವನು ಎತ್ತುತ್ತಾನೆ.

ಸ್ಟೇಷನ್ ಹಿಂದಿನ ದಾರಿ ನಿಜಕ್ಕೂ ಸಮ.


೬ ಫೆಬ್ರವರಿ, ಶನಿವಾರ

ಕೋರಮಂಡಲ ಎನ್ನುವ ಬಡಾವಣೆಯಲ್ಲಿ ಟೀ ಕುಡಿಯಲು ಇಳಿದೆ. ಸೈಕಲ್ಲಿನ ನಂಬರು ನೋಡಿ, ಆಸ್ಪತ್ರೆ ಕಡೆಯ ಸೈಕಲ್ಲು, ಯಾರನ್ನು ನೋಡಲು ಬಂದಿರಿ ಎಂದ ಅಂಗಡಿಯವನು. ಹೇಳಿದೆ. ಅಂಗಡಿಯಲ್ಲಿದ್ದ ಐದು ಜನರೂ ನನ್ನ ಸುತ್ತ ಕೂತರು. ಹಾಲಿನ ಮುನಿಸ್ವಾಮಪ್ಪ ಬಿದ್ದನಾ? ಎಲ್ಲಿ ಬಿದ್ದ? ಯಾವ ಕಾಲು?

ಅವರು ಹೇಳುವುದನ್ನು ಕೇಳಿದರೆ ಬೇರೆ ಯಾರ ಬಗ್ಗೆಯೋ ಹೇಳುತ್ತಿದ್ದಾರೆ ಅನ್ನಿಸಿತು. ಮುನಿಸ್ವಾಮಪ್ಪನವರು ಇಲ್ಲಿ ತಮಾಷೆ ಮಾಡುತ್ತಾರಂತೆ. ಹಟ ಮಾಡುವ ಮಕ್ಕಳ ಮುಂದೆ ಹಸುವಿನ ಹಾಗೆ ಕೂಗಿ ಹಾಲು ಕುಡಿಸುತ್ತಾರಂತೆ. ತಮಿಳಿನಲ್ಲಿ ಬೈಯುತ್ತಾರಂತೆ, ತೆಲುಗಿನಲ್ಲಿ ಸಮಾಧಾನ ಮಾಡುತ್ತಾರಂತೆ. ಊರಿನಲ್ಲಿ ಅವರು ಬೇಲಿಯ ಜೊತೆ ಮಾತ್ರ ಮಾತಾಡುತ್ತಾರೆ ಎಂದು ಹೇಳಲು ಹೋಗಲಿಲ್ಲ.

ಮಾತು ಬಿಟ್ಟ ಕಾರಣ ಬರೆದಿಡುವುದು ಒಳ್ಳೆಯದು. ಎಪ್ಪತ್ತೊಂದರಲ್ಲಿ ಅಮ್ಮ ತೀರಿಕೊಂಡಳು. ಬೆಳಗಿನ ಜಾವ ಐದಕ್ಕೆ. ಅವಳು ಇವತ್ತೋ ನಾಳೆಯೋ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ಮುನಿಸ್ವಾಮಪ್ಪನವರು ನಾಲ್ಕೂವರೆಗೆ ಹಾಲಿನ ಕ್ಯಾನು ಕಟ್ಟಿಕೊಂಡು ಇಲ್ಲಿಗೆ ಹೊರಟುಬಿಟ್ಟಿದ್ದರು. ನಾನು ಏಳು ಗಂಟೆ ಬಸ್ಸಿನ ಕಂಡಕ್ಟರ್ ಕೈಲಿ ಸುದ್ದಿ ಕಳಿಸಿದೆ. ಬಸ್ಸು ಎಂಟಕ್ಕೆ ರಾಬರ್ಟ್‌ಸನ್‌ಪೇಟೆಗೆ ಬರುತ್ತದೆ. ಎಂಟರಿಂದ ಹತ್ತರವರೆಗೆ ಕಾದೆ. ಅಮಾವಾಸ್ಯೆ ಹತ್ತುವ ಹೊತ್ತು ಹತ್ತಿರವಿತ್ತು, ಅದು ಹತ್ತುವ ಮೊದಲೇ ಮಣ್ಣು ಮಾಡುವುದು ನಮ್ಮ ಕಡೆಯ ರೂಢಿ. ಹತ್ತಕ್ಕೆ ಎತ್ತಿದೆವು. ಅವರು ಬಂದದ್ದು ಹನ್ನೊಂದೂ ಕಾಲಿಗೆ, ಅಷ್ಟರಲ್ಲಿ ಮಣ್ಣು ಮುಚ್ಚಿಯಾಗಿತ್ತು. ಗುಡ್ಡೆಯ ಹತ್ತಿರ ಸ್ವಲ್ಪ ಹೊತ್ತು ನಿಂತು ಮನೆಗೆ ಹೋದರು. ಅಂದಿನಿಂದ ಮಾತಿಲ್ಲ.

ಎರಡು ಗಂಟೆ ಕಾದಿದ್ದೇನೆ. ಕಾಯಲಿಲ್ಲ ಎಂದು ಯಾರೂ ಹೇಳುವಂತಿಲ್ಲ.


೭ ಫೆಬ್ರವರಿ, ಭಾನುವಾರ

ಅತ್ತಿಗೆ ರಾಗಿಮುದ್ದೆ, ಅವರೆಕಾಳಿನ ಸಾರು ತಂದಿದ್ದರು. ಮುದ್ದೆಯನ್ನು ನನಗೂ ಕುಪ್ಪುಸ್ವಾಮಿಗೂ ಹಾಕಿ, ಗಂಡನಿಗೆ ಗಂಜಿ ಕುಡಿಸಿದರು. ಅಣ್ಣನ ಕಣ್ಣು ನನ್ನ ಮುದ್ದೆಯ ಮೇಲೇ ಇತ್ತು.

ಉಂಡ ಮೇಲೆ ವಿಷಯ ಹೊರಬಿತ್ತು. ಹಾಲು ಹಾಕಿಸಿಕೊಳ್ಳುವ ನಲವತ್ತೊಂದು ಮನೆಗಳಿಗೆ ಯಾರೂ ಸುದ್ದಿ ತಿಳಿಸಿಲ್ಲ. ಎಂಟು ದಿನದಿಂದ ಪಾತ್ರೆ ಹಿಡಿದು ಕಾಯುತ್ತಿರುತ್ತಾರೆ, ಅದರಲ್ಲಿ ಕೂಸುಗಳಿರುವ ಮನೆ ಹನ್ನೊಂದು.

"ಕುಪ್ಪುಸ್ವಾಮಿ, ಇವನೆಂಗೂ ಬಾಡ್ಗೆ ಸೈಕಲ್ನಾಗೆ ಬೀದಿ ಬೀದಿ ತಿರುಗ್ತಾವ್ನೆ. ಒಂದು ಮಾತು ಏಳ್ಬುಟ್ಟು ಬರ್ಲಿ ಅನ್ನು" ಅಂದ ಅಣ್ಣ.

"ನಾನು ರಜೆಯಲ್ಲಿದ್ದೇನೆ ಅಂತ ಹೇಳಿ" ಅಂದೆ.

ಕುಪ್ಪುಸ್ವಾಮಿ ಎರಡನ್ನೂ ತಲುಪಿಸಿದರು. ಅತ್ತಿಗೆ ಊಟದ ಡಬ್ಬಿ ಮುಚ್ಚುತ್ತ, "ರಜೆ ಅಂತೆ. ಬಾಯಿಗೂ ಅನ್ನೊಂದು ವರ್ಸ ರಜೆ" ಎಂದು ಗೊಣಗಿದರು. ಇದನ್ನು ಕುಪ್ಪುಸ್ವಾಮಿ ದಾಟಿಸಲಿಲ್ಲ, ದಾಟಿಸುವ ಅಗತ್ಯವಿರಲಿಲ್ಲ.

ಮನೆಗಳ ಪಟ್ಟಿ ಬರೆದುಕೊಂಡಿದ್ದೇನೆ. ಅಣ್ಣ ಕುಪ್ಪುಸ್ವಾಮಿಗೆ ಹೇಳಿದ, ಕುಪ್ಪುಸ್ವಾಮಿ ನನಗೆ ಹೇಳಿದರು. ಅಣ್ಣನಿಗೆ ಬಾಗಿಲ ನಂಬರು ಒಂದೂ ಗೊತ್ತಿಲ್ಲ. ನುಗ್ಗೆಮರದ ಮನೆ, ಕುಂಟು ನಾಯಿಯ ಮನೆ, ಮೂರು ಹೆಣ್ಣುಮಕ್ಕಳ ಮನೆ. ಇಂಥ ವಿಳಾಸ ಬರೆದು ಕಾಗದ ಹಾಕಿದ್ದರೆ ನಾನೇ ವಾಪಸ್ ಕಳಿಸುತ್ತಿದ್ದೆ.


೮ ಫೆಬ್ರವರಿ, ಸೋಮವಾರ

ಹೊರಟದ್ದು ಬೆಳಿಗ್ಗೆ ಹತ್ತಕ್ಕೆ, ಒಂಬತ್ತನೇ ನಂಬರ್. ಸೀಟು ಇಳಿಸಲು ಐದು ನಿಮಿಷ, ಅದನ್ನು ಲೆಕ್ಕಕ್ಕೆ ಸೇರಿಸಿಲ್ಲ.

ಅಣ್ಣ ಹಾಲು ಹಾಕುವ ಕ್ರಮದಲ್ಲೇ ಹೋದೆ. ಮೊದಲು ರಾಬರ್ಟ್‌ಸನ್‌ಪೇಟೆಯ ಎಂಟು ಮನೆ. ಮುನಿಸ್ವಾಮಪ್ಪನವರಿಗೆ ಕಾಲು ಮುರಿದಿದೆ, ಎರಡು ಮೂರು ತಿಂಗಳು ಹಾಲು ಬರುವುದಿಲ್ಲ, ಬೇರೆ ಏರ್ಪಾಡು ಮಾಡಿಕೊಳ್ಳಿ: ಇಷ್ಟು ಹೇಳಿ ಮುಂದೆ ಹೋಗುವುದೆಂದು ತೀರ್ಮಾನಿಸಿದ್ದೆ. ಒಂದು ಮನೆಗೆ ಎರಡು ನಿಮಿಷ ಸಾಕು. ಆದರೆ ಯಾರೂ ಬಿಡುವುದಿಲ್ಲ. ಒಳಗೆ ಬನ್ನಿ ಅಂತಾರೆ. ಕಾಫಿ ಅಂತಾರೆ. ಹಾಲಿಲ್ಲದ ಕಾಫಿ, ಅದಕ್ಕೂ ನನ್ನ ಕಡೆಯೇ ನೋಡುತ್ತಾರೆ.

ಊರಿಗಾಂ ಲೈನಿನಲ್ಲಿ, ಗಣಿ ಆಳುಗಳ ಸಾಲುಮನೆಗಳಲ್ಲಿ, ಕುಂಟು ನಾಯಿಯ ಮನೆ ಸುಲಭವಾಗಿ ಸಿಕ್ಕಿತು, ನಾಯಿಯೇ ಎದುರು ಬಂತು. ಅಲ್ಲಿಂದ ಕೋರಮಂಡಲ. ಮುತ್ಯಾಲಮ್ಮ ಎಂಬ ಮುದುಕಿ ಬಾಗಿಲಲ್ಲಿ ಮೊಮ್ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಸುದ್ದಿ ಕೇಳಿ, "ಅಯ್ಯೋ ದೇವುಡಾ" ಎಂದು ಎದೆ ಹಿಡಿದುಕೊಂಡಳು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ನೂವು ತಮ್ಮನಾ? ಪೋಸ್ಟಾಫೀಸು ತಮ್ಮನಾ?"

ಹೌದೆಂದೆ.

"ನಿಮ್ಮನ್ನ ಭಾಳ ಒಗಳ್ತಾನೆ. ನಮ್ಮ ಬಚ್ಚ ಬರೆದ್ರೆ ಮುತ್ತು ಪೋಣಿಸ್ದಂಗಿರ್ತದೆ, ಒಂದು ಕಾಗದ ದಾರಿ ತಪ್ಪಿಲ್ಲ ಅಂತಾನೆ."

ವಾಚು ನೋಡಿಕೊಂಡೆ. ಹನ್ನೆರಡು ಗಂಟೆ. ಮುತ್ಯಾಲಮ್ಮನದು ಪಟ್ಟಿಯಲ್ಲಿ ಹದಿನೇಳನೆಯ ಮನೆ.

ಎರಡು ಗಂಟೆಯಲ್ಲಿ ಹದಿನೇಳು ಮನೆ. ಅಲ್ಲೇ ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂತೆ. ಬಿಸಿಲು ಜಾಸ್ತಿಯಿತ್ತು.

ಆಮೇಲೆ ಚಾಂಪಿಯನ್ ಲೈನುಗಳು, ಆಂಡರ್ಸನ್‌ಪೇಟೆ, ಕೊನೆಗೆ ಮಾರಿಕುಪ್ಪಂನ ನಾಲ್ಕು ಮನೆ. ನಲವತ್ತೊಂದನೆಯದು ಅನಸೂಯಮ್ಮನವರದು, ರೈಲು ಹಳಿ ಮುಗಿಯುವ ಕಡೆ. ಅವರು ಕಾಲು ಮುರಿದ ಸುದ್ದಿಯನ್ನು ಕೇಳಿ, ಕೂರಿಸಿ, ನೀರು ಕೊಟ್ಟು, ತಾವಾಗಿಯೇ ಹೇಳತೊಡಗಿದರು.

"ನಿಮ್ಮ ತಾಯಿ ಓದ ಸುದ್ದೀನೂ ನಮ್ಮನೇಲೇ ಸಿಕ್ಕಿದ್ದು ಅವ್ರಿಗೆ. ಕಂಡಕ್ಟ್ರು ಬಸ್ ಸ್ಟ್ಯಾಂಡಿನಾಗೆ ಹೂವಿನ ಅಂಗಡೀಲಿ ಏಳವ್ನೆ. ಹೂವಿನವಳು ಮೊದಲ್ನೇ ಮನೆಗೆ ಬಂದವ್ಳೆ, ಇವ್ರು ಆಗ್ಲೇ ಓಗ್ಬಿಟ್ಟವ್ರೆ. ಆಮೇಕೆ ಆ ಮನೆಯವ್ರು ಮುಂದಿನ ಮನೆಗೆ ಓಡವ್ರೆ. ಅಂಗೇ ಒಬ್ರಿಂದ ಒಬ್ರು, ಒಂದು ಮನೆ ಇಂದೆ ಇಂದೇನೇ ಸುದ್ದಿ ಬಂದೈತೆ. ಇಲ್ಲಿ ಇವ್ರು ಆಲು ಅಳೀತಾ ಅವ್ರೆ, ಪಕ್ಕದ ಮನೆಯಾಕೆ ಓಡಿ ಬಂದ್ಲು. ಅಳತೆ ಪಾವು ಕೈಯಾಗೇ ಐತೆ, ಕ್ಯಾನು ಬಿದ್ದೋಗಿ ಅಂಗಳವೆಲ್ಲಾ ಆಲು. ಅದನ್ನ ಎತ್ತಲೂ ಇಲ್ಲ, ಸೈಕಲ್ ಅತ್ತಿ ಓದ್ರು. ಪಾವು ಕೈಯಾಗಿಟ್ಕೊಂಡೇ ಓದ್ರು."

ಎಷ್ಟು ಹೊತ್ತಾಗಿತ್ತು ಎಂದು ಕೇಳಿದೆ.

"ಗಣಿಯ ಹತ್ತು ಗಂಟೆ ಕೂಗು ಆಗಿತ್ತು."

ಹತ್ತು ಗಂಟೆಗೆ ನಾವು ಎತ್ತಿದ್ದೆವು.

ನಾನು ಮುಗಿಸಿದ್ದು ಮಧ್ಯಾಹ್ನ ಎರಡೂವರೆಗೆ. ಒಟ್ಟು ನಾಲ್ಕೂವರೆ ಗಂಟೆ. ಸಂಜೆ ಕುಪ್ಪುಸ್ವಾಮಿಗೆ ಇಷ್ಟನ್ನೇ ವರದಿ ಮಾಡಿದೆ, ಉಳಿದದ್ದು ಹೇಳಲಿಲ್ಲ. ಗೋಡೆಯ ಕಡೆಯಿಂದ, "ನಾಕೂವರೆ ಯಾಕಾಯ್ತಂತೆ? ಮೂರೂವರೆ ಗಂಟೇಲೆಲ್ಲಾ ಮುಗೀತದೆ. ಎಲ್ಲಾ ಕಡೆ ಕಾಫಿ ಕುಡ್ಕಂಡು ಕೂತವ್ನೆ" ಎಂದು ಬಂತು.

ನಿಜ. ಹನ್ನೆರಡು ಕಾಫಿ.


೯ ಫೆಬ್ರವರಿ, ಮಂಗಳವಾರ

ಸೈಕಲ್ ತೆಗೆದುಕೊಳ್ಳಲಿಲ್ಲ. ಬೇವಿನ ಮರದ ಕೆಳಗೆ ಕೂತಿದ್ದೆ. ಜಯರಾಮಪ್ಪ ಮೈ ಸರಿಯಿಲ್ಲವಾ ಎಂದು ಅಲ್ಲಿಂದಲೇ ಕೂಗಿ ಕೇಳಿದ. ಸರಿಯಿದೆ ಎಂದೆ.


೧೦ ಫೆಬ್ರವರಿ, ಬುಧವಾರ

ತಿದ್ದುಪಡಿ. ಆರನೇ ತಾರೀಕಿನಲ್ಲಿ, ಅಮಾವಾಸ್ಯೆ ಹತ್ತುವ ಹೊತ್ತು ಹತ್ತಿರವಿತ್ತು ಎಂದು ಬರೆದಿದ್ದೇನೆ. ಪಂಚಾಂಗದ ಪ್ರಕಾರ ಅಂದು ಅಮಾವಾಸ್ಯೆ ಹತ್ತಿದ್ದು ಸಂಜೆ ನಾಲ್ಕೂ ಕಾಲಿಗೆ. ಪಂಚಾಂಗ ನೋಡಿದವನು ನಾನೇ. ಊರಿನಲ್ಲಿ ಬೇರೆ ಯಾರಿಗೂ ಪಂಚಾಂಗ ನೋಡಲು ಬರುತ್ತಿರಲಿಲ್ಲ, ನಾನು ಹೊತ್ತಾಯಿತು ಎಂದೆ, ಎಲ್ಲರೂ ಎದ್ದರು.

ಸಿಟ್ಟಿತ್ತು. ಅಮ್ಮ ಎಳೆದೆಳೆದು ಉಸಿರಾಡುತ್ತಿದ್ದಾಗ ಅವನು ಕ್ಯಾನು ಕಟ್ಟುವ ಸದ್ದು ಕೇಳುತ್ತಿತ್ತು. ಬಂದು ನೋಡಲಿ, ಖಾಲಿ ಮನೆ ನೋಡಲಿ ಅಂದುಕೊಂಡೆ. ಸುದ್ದಿ ಕಳಿಸಿದ್ದೇನೆ, ತಲುಪುವುದು ನನ್ನ ಜವಾಬ್ದಾರಿಯಲ್ಲ ಅಂದುಕೊಂಡೆ. ಅಂಚೆಯವನು ಅಂದುಕೊಳ್ಳಬಾರದ ಮಾತು.

ಸಕ್ಕರೆ ಇಳಿದಿದೆ. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಆಪರೇಷನ್. ರಕ್ತಸಂಬಂಧಿಯ ರುಜು ಬೇಕೆಂದರು. ಏನಾದರೂ ಆದರೆ ಯಾರೂ ಹೊಣೆಯಲ್ಲ ಎಂದು ಅಚ್ಚು ಹಾಕಿಸಿದ ಕಾಗದ. ರುಜು ಮಾಡಿದೆ. ನನ್ನ ರುಜು ಎಂದೂ ಅಷ್ಟು ಕೆಟ್ಟದಾಗಿ ಬಿದ್ದಿರಲಿಲ್ಲ.

ನಾಳೆ ಅಣ್ಣನಿಗೆ ಹೇಳಬೇಕು. ಕುಪ್ಪುಸ್ವಾಮಿಯ ಮೂಲಕ ಹೇಳಿಸಬಹುದು. ವಾಕ್ಯಗಳನ್ನು ಚಿಕ್ಕದಾಗಿ ಮಾಡಿ ಬರೆದುಕೊಂಡಿದ್ದೇನೆ.


೧೧ ಫೆಬ್ರವರಿ, ಗುರುವಾರ

ನಾಲ್ಕು ಗಂಟೆಗೆ ಒಳಗೆ ಹೋದರೆ ಕುಪ್ಪುಸ್ವಾಮಿ ಶರ್ಟು ಹಾಕಿಕೊಂಡು ಕೂತಿದ್ದಾರೆ. ಹುಣ್ಣು ಒಣಗಿದೆ, ಮನೆಗೆ ಕಳಿಸುತ್ತಿದ್ದಾರೆ. ಅವರ ಮಗಳು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಇನ್ನೊಂದು ಅರ್ಧ ಗಂಟೆ ಇದ್ದು ಹೋಗಿ ಎಂದೆ. ಒಂದು ಮುಖ್ಯ ವಿಷಯ ತಿಳಿಸುವುದಿದೆ ಎಂದೆ. ಅವರು ನನ್ನ ಕೈಲಿದ್ದ ಚೀಟಿ ನೋಡಿದರು.

"ತಂಬಿ, ಮೂವತ್ತು ವರ್ಷ ಗಂಟೆ ಹೊಡ್ದೆ. ಕೆಳಗಿನವರು ಮೇಲಿನವರು ಒಬ್ಬರಿಗೊಬ್ಬರು ಕಾಣಲ್ಲ, ಅದಕ್ಕೆ ಗಂಟೆ. ನೀವಿಬ್ರೂ ಇಲ್ಲೇ ಇದೀರಲ್ಲ, ಎದ್ರು ಎದ್ರಿಗೆ. ಗಂಟೆ ಯಾಕೆ, ಎದುಕ್ಕು?"

ಚೀಟಿಯನ್ನು ಮಡಿಸಿ ನನ್ನ ಜೇಬಿಗೇ ಹಾಕಿದರು. ಅಣ್ಣನ ಹೆಗಲು ಮುಟ್ಟಿ, "ವರೇನ್ ಮುನಿಸಾಮಿ" ಎಂದು ಹೊರಟುಹೋದರು.

ಆಮೇಲೆ ಎರಡು ಗಂಟೆ ನಾವಿಬ್ಬರೂ ಇದ್ದೆವು. ಅಣ್ಣನಿಗೆ ನೀರು ಬೇಕಾಗಿತ್ತು. ಖಾಲಿ ಮಂಚದ ಕಡೆ ನೋಡಿ, "ನೀರು" ಅಂದ. ಕೊಟ್ಟೆ. ಖಾಲಿ ಮಂಚದ ಕಡೆ ನೋಡಿ, "ಇನ್ನೂ ಬೇಕಾ ಕೇಳಿ" ಅಂದೆ. ಸಾಕು ಎಂದು ಅಣ್ಣ ಮಂಚಕ್ಕೆ ತಲೆಯಾಡಿಸಿದ.

ಇಷ್ಟರಿಂದ ಯಾವ ವಿಷಯವೂ ದಾಟುವುದಿಲ್ಲ. ನನಗೆ ಭಯವಾಗಿದೆ. ಅಣ್ಣ ಏಳದಿದ್ದರೆ ಏನು ಮಾಡುವುದು?


೧೨ ಫೆಬ್ರವರಿ, ಶುಕ್ರವಾರ

ಹತ್ತೂ ಮುಕ್ಕಾಲು. ಆಪರೇಷನ್ ಕೋಣೆಯ ಹೊರಗಿನ ಬೆಂಚು.

ಬೆಳಿಗ್ಗೆ ಅಣ್ಣನಿಗೆ ಹಸಿರು ಅಂಗಿ ಹಾಕಿದರು. ಬೆನ್ನಿನ ದಾರ ಕಟ್ಟಲು ನನ್ನನ್ನು ಕರೆದರು. ಬೆನ್ನು ತುಂಬ ಸಣ್ಣಗಾಗಿದೆ. ಗಂಟು ಹಾಕುತ್ತ ಬೆನ್ನಿಗೇ ಹೇಳಿಬಿಟ್ಟೆ.

"ಅಣ್ಣ, ಅಮಾಸೆ ಸಾಯಂಕಾಲ ನಾಕೂ ಕಾಲ್ಗಿತ್ತು. ನಾನು ನೋಡಿದ್ದೆ. ನಿನ್ನ ಕಾಯ್ಬೋದಾಗಿತ್ತು. ಸಿಟ್ಟಿಗೆ ಕಾಯ್ಲಿಲ್ಲ. ಅಮ್ಮ ಅಂಗಿದ್ದಾಗ ಆಲು ಕಟ್ಕಂಡು ಓದ್ಯಲ್ಲ ಅಂತ."

ಚೀಟಿಯಲ್ಲಿ ಬರೆದುಕೊಂಡದ್ದು ಹೀಗಿರಲಿಲ್ಲ. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಲು ಹೊರಟೆ.

"ಗೊತ್ತು ಕಣ್ಲಾ" ಅಂದ. "ಕ್ಯಾಸಂಬಳ್ಳೀಲಿ ಅಯ್ನೋರ್ನ ಕೇಳಿದ್ದೆ, ಮಾರ್ನೇ ದಿನಾನೇ."

ಹನ್ನೊಂದು ವರ್ಷ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಕೋರಮಂಡಲದಲ್ಲಿ ನನ್ನ ಅಕ್ಷರ ಹೊಗಳಿಕೊಂಡು ತಿರುಗಿದ್ದಾನೆ. ನನಗೆ ಅಳು ಬಂತು. ನರ್ಸಮ್ಮ ನೋಡಿದರು, ನೋಡಲಿ ಎಂದು ಅತ್ತೆ.

"ಅಮ್ಮನೇ ಓಗು ಅಂದ್ಲು" ಅಂದ ಅಣ್ಣ. "ಕೂಸುಗಳು ಕಾಯ್ತಿರ್ತಾವೆ, ನಾನೇನು ಈಗ್ಲೇ ಓಗಲ್ಲ, ಓಗ್ಬುಟ್ಟು ಬಾ ಅಂದ್ಲು. ಬರ್ತೀನಿ ಅಂದೆ."

ಆಮೇಲೆ ಕಷ್ಟಪಟ್ಟು ಕತ್ತು ತಿರುಗಿಸಿದ. ಹನ್ನೊಂದು ವರ್ಷಕ್ಕೆ ನನ್ನ ಮುಖವನ್ನು ನೇರವಾಗಿ ನೋಡಿದ್ದು ಇವತ್ತು.

"ಬಚ್ಚ, ಅಮ್ಮನ ಮುಖ ಎಂಗಿತ್ತು?"

ಅವನು ನೋಡಿಲ್ಲ. ಗುಡ್ಡೆ ನೋಡಿದ್ದಾನೆ, ಮುಖ ನೋಡಿಲ್ಲ. ಇಷ್ಟು ವರ್ಷ ಈ ಒಂದು ಪ್ರಶ್ನೆ ಕೇಳಲು ಅವನಿಗೆ ಮನೆಯಲ್ಲಿ ಯಾರೂ ಸಿಗಲಿಲ್ಲವೇ ಎಂದು ಯೋಚಿಸಿದೆ. ಅತ್ತಿಗೆಯನ್ನು ಕೇಳಬಹುದಿತ್ತು. ಕೇಳಿಲ್ಲ. ನನ್ನನ್ನೇ ಕೇಳಬೇಕೆಂದಿದ್ದ.

ಹೇಳಿದೆ. ಹಿಂದಿನ ದಿನ ಎಲೆ ಅಡಿಕೆ ಕೇಳಿದ್ದಳು, ತುಟಿಯಲ್ಲಿ ಇನ್ನೂ ಕೆಂಪಿತ್ತು ಎಂದೆ. ಎಡಗಣ್ಣು ಅರ್ಧ ತೆರೆದಿತ್ತು, ನಾನು ಮುಚ್ಚಿದೆ, ಮತ್ತೆ ತೆರೆಯಿತು, ಮತ್ತೆ ಮುಚ್ಚಿದೆ ಎಂದೆ. ನೋವಿನ ಗೆರೆಗಳೆಲ್ಲ ಹೋಗಿ ಹಣೆ ನುಣ್ಣಗಾಗಿತ್ತು, ನಮ್ಮ ದೊಡ್ಡಮ್ಮನ ಹಾಗೆ ಕಾಣುತ್ತಿದ್ದಳು ಎಂದೆ. ಅಷ್ಟರಲ್ಲಿ ಗಾಲಿ ಮಂಚ ತಂದರು. ಎತ್ತಿ ಮಲಗಿಸಿ ತಳ್ಳಿಕೊಂಡು ಹೊರಟರು. ನಾನು ಪಕ್ಕದಲ್ಲೇ ನಡೆಯುತ್ತ ಹೇಳಿದೆ. ನೀರು ಹಾಕುವಾಗ ಕೂದಲು ಬಿಚ್ಚಿದರು, ಅಷ್ಟು ಉದ್ದ ಕೂದಲಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಹೊಸ ಸೀರೆ ಉಡಿಸಿದ ಮೇಲೆ ಅವಳ ಬಲಗೈಯನ್ನು ಎದೆಯ ಮೇಲಿಡಲು ನೋಡಿದರೆ, ಆ ಕೈಯಲ್ಲಿ—

ಅಲ್ಲಿಗೆ ಬಾಗಿಲು ಬಂತು. ನೀವು ಇಲ್ಲೇ ನಿಲ್ಲಬೇಕು ಎಂದರು. ಅಣ್ಣ ಕತ್ತು ತಿರುಗಿಸಿ ನನ್ನನ್ನೇ ನೋಡುತ್ತಿದ್ದ, ಬಾಗಿಲು ಮುಚ್ಚಿತು.

ಹನ್ನೆರಡೂವರೆ. ಇನ್ನೂ ಬಂದಿಲ್ಲ.

ಒಂದೂ ಹತ್ತು. ಹೊರಗೆ ತಂದಿದ್ದಾರೆ. ಮೂಳೆ ಕೂಡಿಸಿದ್ದಾಯಿತು, ಆದರೆ ಎಚ್ಚರವಾಗಿಲ್ಲ. ಎಚ್ಚರವಾದ ಮೇಲೇ ಏನಾದರೂ ಹೇಳಬಹುದು ಎಂದರು. ಪಕ್ಕದಲ್ಲಿ ಕೂತಿರಲು ನನ್ನನ್ನು ಬಿಟ್ಟಿದ್ದಾರೆ, ರೂಲು ಮುರಿದು.

ಎರಡೂ ಐವತ್ತು. ಇಲ್ಲ.

ಮೂರೂ ಇಪ್ಪತ್ತು. ಅಣ್ಣ ಕಣ್ಣು ಬಿಟ್ಟ. ಸೂರು ನೋಡಿದ, ಡಾಕ್ಟರನ್ನು ನೋಡಿದ, ಅವರು ಹೆಸರೇನು ಎಂದು ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ. ನಾಲಿಗೆಯಿಂದ ತುಟಿ ಒದ್ದೆ ಮಾಡಿಕೊಂಡು ನನ್ನ ಕಡೆ ತಿರುಗಿ ಕೇಳಿದ:

"ಆಮೇಕೆ?"